ವಾರಕ್ಕೊಂದೇ ದಿನ

ತುಮಕೂರು ಜಿಲ್ಲೆಯ ಗುಬ್ಬಿಯ ಯಾವುದೇ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಎರಡು ಮಾತ್ರೆ ಪಟ್ಟಿಗಳು ಒಂದೇ ಕಾಗದದ ಕವರಿಗೆ ಜೊತೆಯಾಗಿ ಬೀಳುವುದನ್ನು ಒಮ್ಮೊಮ್ಮೆ ನೋಡಬಹುದು. ಒಂದರ ಹೆಸರು ಫಾಲಿಟ್ರ್ಯಾಕ್ಸ್, ಇನ್ನೊಂದರದು ಫಾಲ್ವೈಟ್. ಎರಡೂ ಚಿಕ್ಕ ಮಾತ್ರೆಗಳು. ಒಳಗಿನ ರಾಸಾಯನಿಕಗಳೂ ಹುಟ್ಟಿನಿಂದಲೇ ಹಳದಿ ಬಣ್ಣದವು. ಕನ್ನಡಕ ಮನೆಯಲ್ಲಿ ಮರೆತು ಬಂದವರಿಗೆ ಹೆಸರು ಕೂಡ ಒಂದೇ ಥರ ಕಾಣುತ್ತದೆ. ಮೊದಲನೆಯದರಲ್ಲಿ ಇರುವುದು ಮೆಥೊಟ್ರೆಕ್ಸೇಟ್. ರುಮಟಾಯ್ಡ್ ಸಂಧಿವಾತಕ್ಕೆ ಜಗತ್ತಿನ ಎಲ್ಲ ಕಡೆ ಮೊದಲು ಬರೆಯುವ ಔಷಧ, ನುಂಗಬೇಕಾದ್ದು ವಾರಕ್ಕೆ ಒಂದೇ ದಿನ. ಎರಡನೆಯದು ಫೋಲಿಕ್ ಆಮ್ಲ ಎಂಬ ವಿಟಮಿನ್, ಅದನ್ನು ತೆಗೆದುಕೊಳ್ಳಬೇಕಾದ್ದು ಮಿಕ್ಕ ದಿನಗಳಲ್ಲಿ.

ಇವೆರಡು ಅದಲುಬದಲಾಗಿ, ವಾರದ ಮಾತ್ರೆಯನ್ನು ದಿನಾ ನುಂಗಿದರೆ ಮೊದಲು ಬಾಯಿ ಹುಣ್ಣಾಗುತ್ತದೆ. ಸಾರಿನ ಉಪ್ಪು ಖಾರ ನಾಲಿಗೆಗೆ ತಾಗಿಸಲಾಗದಷ್ಟು. ನಮ್ಮ ಕಡೆ ಬಾಯಿ ಹುಣ್ಣಿಗೆ ಮೊದಲ ರೋಗನಿರ್ಣಯ ‘ಉಷ್ಣ’. ಮಜ್ಜಿಗೆ ಕುಡಿಯುತ್ತ, ಎಳನೀರು ಕುಡಿಯುತ್ತ ಮಾತ್ರೆಯನ್ನೂ ಬಿಡದೆ ಮುಂದುವರಿಸಿದರೆ ಭೇದಿ, ಜ್ವರ, ಚರ್ಮದ ಮೇಲೆ ರಕ್ತದ ಚುಕ್ಕೆಗಳು ಒಂದರ ಹಿಂದೊಂದು ಬರುತ್ತವೆ. ಅಷ್ಟು ಹೊತ್ತಿಗೆ ಮೂಳೆಯೊಳಗಿನ ಮಜ್ಜೆ ರಕ್ತಕಣಗಳ ತಯಾರಿಕೆಯನ್ನೇ ಕೈಬಿಡುತ್ತ ಬಂದಿರುತ್ತದೆ. ಫೋಲಿನಿಕ್ ಆಮ್ಲವೆಂಬ ಪ್ರತ್ಯೌಷಧ ಉಂಟು, ಆದರೆ ಬೇಗ ಕೊಡಬೇಕು. ಹೀಗೆ ಸತ್ತವರ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲೂ ಹೊರದೇಶಗಳಲ್ಲೂ ಮತ್ತೆಮತ್ತೆ ವರದಿಯಾಗಿವೆ. ಅಲ್ಲಿ ಔಷಧ ನಕಲಿಯಾಗಿರಲಿಲ್ಲ, ರೋಗನಿರ್ಣಯವೂ ತಪ್ಪಿರಲಿಲ್ಲ. ನುಂಗಿದ ಲೆಕ್ಕ ತಪ್ಪಿತ್ತು, ಅಷ್ಟೆ.

ಅದಕ್ಕೇ ತಿಳಿದ ವೈದ್ಯರು ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದು ಸುಮ್ಮನಾಗುವುದಿಲ್ಲ. ‘ಭಾನುವಾರ ಮಾತ್ರ’ ಎಂದು ವಾರದ ಹೆಸರನ್ನೇ ಬರೆಯುತ್ತಾರೆ. ಕ್ಯಾಲೆಂಡರ್ ನೋಡದ ಹಿರಿಯರಿಗೆ ಊರಿನ ಸಂತೆಯ ದಿನವೇ ಗುರುತು. ಸಂತೆ ತಪ್ಪುವುದಿಲ್ಲ, ಮಾತ್ರೆಯೂ ತಪ್ಪುವುದಿಲ್ಲ. ವಾರಕ್ಕೆ ಎರಡು ಸಂತೆ ನೆರೆಯುವುದಿಲ್ಲವಾದ್ದರಿಂದ ಎರಡು ಸಲ ನುಂಗುವ ಭಯವೂ ಇಲ್ಲ. ಮೊಬೈಲಿನ ಅಲಾರಾಮಿಗಿಂತ ಇದು ವಾಸಿ ಎಂದು ನನಗನ್ನಿಸುತ್ತದೆ.

ಇಷ್ಟಕ್ಕೂ ಯಾವ ಕೀಲು ನೋವಿಗೆ ಈ ಮಾತ್ರೆ? ತುಮಕೂರು ಜಿಲ್ಲೆಯಲ್ಲಿ ಈ ಪ್ರಶ್ನೆ ಸಲೀಸಲ್ಲ. ಪಾವಗಡ, ಮಧುಗಿರಿ, ಶಿರಾ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ; ವರ್ಷಗಟ್ಟಲೆ ಕುಡಿದವರ ಬೆನ್ನು, ಮೊಣಕಾಲು ಬಿಗಿದುಕೊಳ್ಳುತ್ತವೆ. 2006ರಲ್ಲಿ ಚಿಕುನ್‌ಗುನ್ಯಾ ಬಂತು. ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದದ್ದು ಕರ್ನಾಟಕದಲ್ಲಿ, ಏಳು ಲಕ್ಷಕ್ಕೂ ಮೇಲೆ. ತುಮಕೂರು ಜಿಲ್ಲೆಯೂ ಚೆನ್ನಾಗಿ ಪೆಟ್ಟು ತಿಂದಿತು. ಜ್ವರ ವಾರದಲ್ಲಿ ಇಳಿದರೂ ಕೈಕಾಲಿನ ಗೆಣ್ಣುಗಳ ಊತ ಹಲವರಲ್ಲಿ ತಿಂಗಳುಗಟ್ಟಲೆ ಇಳಿಯಲಿಲ್ಲ. ಅಂದಿನಿಂದ ಯಾರ ಕೀಲು ನೋವಾದರೂ ‘ಆವತ್ತಿನ ಚಿಕುನ್‌ಗುನ್ಯಾದ್ದೇ ಉಳಿದುಕೊಂಡಿದೆ’ ಎನ್ನುವುದು ಊರಿನ ಮಾತಾಯಿತು. ಸವೆದ ಮಂಡಿಯ ನೋವಂತೂ ಮನೆಮನೆಗೂ ಇದೆ. ಇವೆಲ್ಲದರ ನಡುವೆ ರುಮಟಾಯ್ಡ್ ಸಂಧಿವಾತ ಗುರುತು ಸಿಗದೆ ಅಡಗಿ ಕೂರುತ್ತದೆ.

ಗುರುತು ಹೀಗೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಎರಡೂ ಕೈಗಳಲ್ಲಿ, ಅದೇ ಅದೇ ಗೆಣ್ಣುಗಳಲ್ಲಿ ಊತ. ಮುಟ್ಟಿದರೆ ಬೆಚ್ಚಗೆ, ಒತ್ತಿದರೆ ಮೆತ್ತಗೆ. ಬಿಗಿತ ಸಡಿಲಾಗಲು ಗಂಟೆ, ಎರಡು ಗಂಟೆ ಬೇಕು. ನಿಟ್ಟೂರಿನ ಕಡೆಯ ಒಬ್ಬ ಹೆಂಗಸು ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದಳು: ‘ಮಧ್ಯಾಹ್ನದ ಮುದ್ದೆ ತೊಳಸ್ತೀನಿ ಸ್ವಾಮಿ, ಬೆಳಗಿನದು ಆಗಲ್ಲ.’ ಬೆಳಗಿನ ಹೊತ್ತು ಮುದ್ದೆ ಕೋಲು ಹಿಡಿದರೆ ಮುಷ್ಟಿ ಕೂಡುತ್ತಿರಲಿಲ್ಲ. ಅಡಿಕೆ ಸುಲಿಯುವ ಕೆಲಸಕ್ಕೂ ಅವಳು ಬಿಸಿಲೇರಿದ ಮೇಲೆಯೇ ಹೋಗುತ್ತಿದ್ದಳು. ಸವೆದ ಮಂಡಿಯ ನೋವು ಇದಕ್ಕೆ ಉಲ್ಟಾ; ಕೆಲಸ ಮಾಡಿದಷ್ಟೂ ಹೆಚ್ಚು, ಕೂತರೆ ಕಡಿಮೆ.

ಇದು ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ರೋಗ. ಕೀಲಿನ ಒಳಮೈಗೆ ತೆಳು ಪೊರೆಯೊಂದಿದೆ. ರೋಗನಿರೋಧಕ ಕಣಗಳು ಅಲ್ಲಿ ಜಮಾಯಿಸಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿಯುತ್ತವೆ. ಪೊರೆ ದಪ್ಪವಾಗಿ ಬೆಳೆದು ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಭಾರತದ ಗ್ರಾಮೀಣ ಸಮೀಕ್ಷೆಗಳು ವಯಸ್ಕರಲ್ಲಿ ನೂರಕ್ಕೆ ಅರ್ಧದಿಂದ ಮುಕ್ಕಾಲು ಭಾಗ ಎನ್ನುತ್ತವೆ. ತುಮಕೂರು ಜಿಲ್ಲೆಯ ಜನಸಂಖ್ಯೆ 2011ರಲ್ಲೇ 26 ಲಕ್ಷ ದಾಟಿತ್ತು. ಕೆಳಗಿನ ಅಂಕಿಯನ್ನೇ ಹಿಡಿದರೂ ಸುಮಾರು ಹತ್ತು ಸಾವಿರ ಜನ. ಇವರನ್ನು ನೋಡಬೇಕಾದ ಸಂಧಿವಾತ ತಜ್ಞರಲ್ಲಿ ಹೆಚ್ಚಿನವರು ಇರುವುದು ಗುಬ್ಬಿಯಿಂದ 90 ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ.

ಮತ್ತೆ ಆ ಎರಡು ಮಾತ್ರೆಗಳಿಗೆ ಬರೋಣ. ಎರಡರ ಹುಟ್ಟಿನಲ್ಲೂ ಒಬ್ಬನೇ ಮನುಷ್ಯನ ಕೈವಾಡವಿದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನಾ ಮುಖ್ಯಸ್ಥರಾಗಿದ್ದರು. ಅವರ ತಂಡ 1940ರ ದಶಕದ ನಡುವೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಆಮೇಲೆ ಅದೇ ಅಣುವನ್ನು ಅಲ್ಪಸ್ವಲ್ಪ ತಿದ್ದಿ, ಫೋಲಿಕ್ ಆಮ್ಲದ ವೇಷ ಹಾಕಿಕೊಂಡು ಅದರ ಕೆಲಸವನ್ನೇ ಕೆಡಿಸುವ ವಸ್ತುಗಳನ್ನೂ ಮಾಡಿತು. ಮೊದಲು ಅಮಿನಾಪ್ಟೆರಿನ್, ಬಳಿಕ ಮೆಥೊಟ್ರೆಕ್ಸೇಟ್. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ನನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. 1951ರಲ್ಲಿ ಗುಬ್ನರ್ ಎಂಬ ವೈದ್ಯ ಮತ್ತವನ ಸಂಗಡಿಗರು ಇದೇ ಬಗೆಯ ಔಷಧ ಸಂಧಿವಾತದ ಊತವನ್ನೂ ಇಳಿಸುತ್ತದೆಂದು ಬರೆದರೂ ಹೆಚ್ಚು ಜನ ಕಿವಿಗೊಡಲಿಲ್ಲ. ಅಮೆರಿಕದಲ್ಲಿ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟಿಗೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಗುಣ ಕಂಡ ಮೇಲೂ ಮೂವತ್ತೇಳು ವರ್ಷ ಕಾಯಿಸಿದ ಔಷಧ ಇದು.

‘ಕ್ಯಾನ್ಸರ್ ಮಾತ್ರೆ’ ಎಂಬ ಹೆಸರು ಇಂದಿಗೂ ಅದನ್ನು ಬಿಟ್ಟಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದ ಮಗನೋ, ಪಕ್ಕದ ಮನೆಯ ನರ್ಸೋ ಹಾಗಂದುಬಿಟ್ಟರೆ ಆ ವಾರದಿಂದಲೇ ಮಾತ್ರೆ ಕಸದ ಬುಟ್ಟಿಗೆ. ಕ್ಯಾನ್ಸರಿಗೆ ಕೊಡುವಾಗ ಪ್ರಮಾಣ ಎಷ್ಟೋ ಸಲ ನೂರಾರು ಮಿಲಿಗ್ರಾಂ, ಕೆಲವೊಮ್ಮೆ ಗ್ರಾಂಗಳಲ್ಲಿ. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ಮುಖ್ಯವಾಗಿ ಜೀವಕೋಶಗಳನ್ನು ಕೊಲ್ಲುವ ಕೆಲಸ ಮಾಡುವುದೇ ಇಲ್ಲ. ಅಡಿನೊಸಿನ್ ಎಂಬ, ಉರಿಯೂತವನ್ನು ತಣಿಸುವ ದೇಹದ್ದೇ ರಾಸಾಯನಿಕವನ್ನು ಹೆಚ್ಚಿಸುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಸರಿ, ವಾರಕ್ಕೊಂದೇ ದಿನ ಏಕೆ? ನುಂಗಿದ ಮೆಥೊಟ್ರೆಕ್ಸೇಟಿನ ಬಹುಪಾಲು ಒಂದು ದಿನದೊಳಗೆ ಮೂತ್ರಪಿಂಡಗಳ ಮೂಲಕ ಹೊರಗೆ ಹೋಗಿಬಿಡುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಮೂರನೇ ದಿನ ಹುಡುಕಿದರೂ ಸಿಗುವುದು ಕಷ್ಟ. ಆದರೆ ಆ ಒಂದು ದಿನದಲ್ಲಿ ಸ್ವಲ್ಪ ಪಾಲು ಜೀವಕೋಶಗಳ ಒಳಕ್ಕೆ ನುಸುಳಿರುತ್ತದೆ. ಕೋಶ ಅದಕ್ಕೆ ಗ್ಲುಟಮೇಟ್ ಎಂಬ ಬಾಲವನ್ನು ಒಂದೊಂದಾಗಿ ಜೋಡಿಸುತ್ತ ಹೋಗುತ್ತದೆ. ಬಾಲ ಬೆಳೆದ ಅಣು ಪೊರೆ ದಾಟಿ ಈಚೆ ಬರಲಾರದೆ ವಾರಗಟ್ಟಲೆ ಒಳಗೇ ಉಳಿದು ಕೆಲಸ ಮಾಡುತ್ತದೆ. ಈ ಒಳದಾಸ್ತಾನು ತುಂಬಲು ಸಮಯ ಬೇಕಾದ್ದರಿಂದಲೇ ಮೊದಲ ಆರೆಂಟು ವಾರ ‘ಏನೂ ಗುಣ ಕಾಣ್ತಿಲ್ಲ’ ಎಂಬ ದೂರು. ದಿನಾ ಕೊಟ್ಟರೆ ದಾಸ್ತಾನು ಬೇಗ ತುಂಬೀತು ಎನ್ನುವ ಆಸೆ ತಪ್ಪು. ಮಜ್ಜೆಗೂ ಕರುಳಿನ ಒಳಪದರಕ್ಕೂ ಸುಧಾರಿಸಿಕೊಳ್ಳಲು ಬಿಡುವೇ ಸಿಗದೆ ಮೊದಲು ಹೇಳಿದ ಅನಾಹುತ ಆಗುತ್ತದೆ. ಆ ಮಿಕ್ಕ ದಿನಗಳಲ್ಲಿ ಫೋಲಿಕ್ ಆಮ್ಲ ಕೊಡುವುದು ಇದೇ ಅಂಗಾಂಶಗಳ ರಕ್ಷಣೆಗೆ.

ಇನ್ನೊಂದು ಸ್ವಾರಸ್ಯ ಕರುಳಿನಲ್ಲಿದೆ. ಮೆಥೊಟ್ರೆಕ್ಸೇಟನ್ನು ಕರುಳು ಹೀರಿಕೊಳ್ಳುವುದು ಫೋಲಿಕ್ ಆಮ್ಲಕ್ಕೆಂದೇ ಇರುವ ವಾಹಕ ಪ್ರೋಟೀನುಗಳ ಮೂಲಕ. ಅವುಗಳ ಸಂಖ್ಯೆಗೆ ಮಿತಿಯಿದೆ. ವಾರಕ್ಕೆ 15 ಮಿಲಿಗ್ರಾಂವರೆಗೆ ನುಂಗಿದ್ದು ಸುಮಾರಾಗಿ ಲೆಕ್ಕಕ್ಕೆ ಸರಿಯಾಗಿ ರಕ್ತ ಸೇರುತ್ತದೆ. ಅದರ ಮೇಲೆ ಮಾತ್ರೆ ಹೆಚ್ಚಿಸಿದಷ್ಟೂ ರಕ್ತಕ್ಕೆ ದಕ್ಕುವ ಪಾಲು ಕುಗ್ಗುತ್ತ ಹೋಗುತ್ತದೆ. 25 ನುಂಗಿದವರಿಗೆ 25ರ ಫಲ ಸಿಗುವುದಿಲ್ಲ. ಇದಕ್ಕೆ ವೈದ್ಯರು ಕಂಡುಕೊಂಡ ಉಪಾಯ ಎರಡು. ಒಂದು, ಅದೇ ದಿನದ ಪ್ರಮಾಣವನ್ನು ಬೆಳಿಗ್ಗೆ ಸ್ವಲ್ಪ, ರಾತ್ರಿ ಸ್ವಲ್ಪ ಎಂದು ಒಡೆದು ಕೊಡುವುದು. ನೆನಪಿರಲಿ, ಒಡೆಯುವುದು ಒಂದು ದಿನದೊಳಗೆ, ವಾರದ ಏಳು ದಿನಗಳಿಗಲ್ಲ. ಎರಡನೆಯದು ಕರುಳಿನ ಗೋಜೇ ಬೇಡವೆಂದು ಚರ್ಮದ ಕೆಳಗೆ ಚುಚ್ಚುವುದು. ಚುಚ್ಚಿದ ಔಷಧ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತದೆ; ಮಾತ್ರೆಯಿಂದ ವಾಕರಿಕೆ ತಾಳಲಾರದವರಲ್ಲಿ ಹಲವರಿಗೆ ಇದು ಒಗ್ಗುತ್ತದೆ. ‘ಸೂಜಿ ಅಂದ್ರೆ ಜೋರು ಔಷಧಿ’ ಎಂಬ ನಂಬಿಕೆ ನಮ್ಮಲ್ಲಿ ಎಲ್ಲ ಸೂಜಿಗೂ ಅನ್ವಯಿಸುತ್ತದೆ, ಹೆಚ್ಚಿನ ಸಲ ಸುಳ್ಳು. ಇದೊಂದರ ಮಟ್ಟಿಗೆ, ಅದೂ 15 ದಾಟಿದ ಮೇಲೆ, ಅದರಲ್ಲಿ ಹುರುಳಿದೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ಸಿರಿಂಜಿನ ಪರಿಚಯ ಇದ್ದರೆ ಕಲಿಯುವುದು ಕಷ್ಟವಲ್ಲ. ಹೊಕ್ಕುಳಿನಿಂದ ಎರಡು ಬೆರಳು ದೂರ ಚರ್ಮವನ್ನು ಚಿವುಟಿ ಹಿಡಿದು ಚುಚ್ಚಬೇಕು; ಮುಂದಿನ ವಾರ ಇನ್ನೊಂದು ಮಗ್ಗುಲು.

ವಾಕರಿಕೆಯ ಮಾತು ಬಂತು. ನಗರದ ನೌಕರರು ಶನಿವಾರ ರಾತ್ರಿ ನುಂಗಿ ಭಾನುವಾರ ಮಲಗಿ ಸುಧಾರಿಸಿಕೊಳ್ಳುತ್ತಾರೆ. ತೋಟ, ದನ, ಒಲೆ ಇರುವ ಹೆಂಗಸಿಗೆ ಭಾನುವಾರ ಎಂಬುದೇ ಇಲ್ಲ; ಅವಳ ದಿನವನ್ನು ಅವಳನ್ನೇ ಕೇಳಿ ಗೊತ್ತುಮಾಡಬೇಕು. ದೆಹಲಿಯ ಹಿರಿಯ ಸಂಧಿವಾತ ತಜ್ಞ ಎ.ಎನ್. ಮಾಲವೀಯ ಮಾತ್ರೆಯ ಆಸುಪಾಸಿನಲ್ಲಿ ಕಾಫಿಯನ್ನೋ ಕಪ್ಪು ಚಾಕಲೇಟನ್ನೋ ಕೊಟ್ಟು ನೋಡಿ, ಅನೇಕರ ವಾಕರಿಕೆ ಕಡಿಮೆಯಾಯಿತೆಂದು ವರದಿ ಮಾಡಿದ್ದಾರೆ. ಅತ್ತ ಇಸ್ರೇಲಿನ ಒಂದು ಅಧ್ಯಯನ 2003ರಲ್ಲಿ, ಹೆಚ್ಚು ಕಾಫಿ ಕುಡಿಯುವವರಲ್ಲಿ ಮೆಥೊಟ್ರೆಕ್ಸೇಟಿನ ಗುಣವೇ ಕುಂದುತ್ತದೆ ಎಂದಿತ್ತು. ಕೆಫೀನ್ ಅಡಿನೊಸಿನ್‌ಗೆ ಅಡ್ಡ ಬರುವುದರಿಂದ ಈ ಅನುಮಾನ ಅಸಂಗತವೇನಲ್ಲ. ಬೆಳಗಿನ ಒಂದು ಲೋಟ ಕಾಫಿ ಬಿಡಿ ಎಂದು ತುಮಕೂರಿನವರಿಗೆ ಹೇಳುವ ಧೈರ್ಯ ನನಗಂತೂ ಇಲ್ಲ. ಸಾರಾಯಿ ಬಿಡಿ ಎನ್ನುವುದರಲ್ಲಿ ಸಂಕೋಚವಿಲ್ಲ. ಯಕೃತ್ತಿಗೆ ಎರಡು ಹೊರೆ ಒಟ್ಟಿಗೆ ಬೇಡ.

ಮೆಥೊಟ್ರೆಕ್ಸೇಟ್ ಗುಣ ತೋರುವ ತನಕದ ಎರಡು ತಿಂಗಳು ರೋಗಿ ಹೇಗೆ ಕಳೆಯಬೇಕು? ಇಲ್ಲಿ ಸ್ಟಿರಾಯ್ಡ್ ಬರುತ್ತದೆ. 1948ರ ಸೆಪ್ಟೆಂಬರ್ 21ರಂದು ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್, ಹಾಸಿಗೆ ಬಿಟ್ಟು ಏಳಲಾರದಂತಿದ್ದ ಯುವತಿಯೊಬ್ಬಳಿಗೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಚುಚ್ಚಿದ. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಾಡಿದಳು. 1950ರಲ್ಲಿ ಹೆಂಚ್‌ಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಪವಾಡದ ಬೆಲೆ ಗೊತ್ತಾಗಿದ್ದು ಆಮೇಲೆ: ಊದಿದ ಮುಖ, ಸಕ್ಕರೆ ಕಾಯಿಲೆ, ಪೊಳ್ಳಾದ ಮೂಳೆ.

ಹಳ್ಳಿಗಳಲ್ಲಿ ಈ ಪವಾಡ ಇವತ್ತಿಗೂ ದಿನಾ ನಡೆಯುತ್ತಿದೆ. ‘ಒಂದೇ ಇಂಜೆಕ್ಷನ್‌ಗೆ ಕೈ ಬಿಟ್ಕೊಂತು’ ಎಂದು ಹೊಗಳಿಸಿಕೊಳ್ಳುವ ಸೂಜಿಯಲ್ಲಿ ಬಹುತೇಕ ಇರುವುದು ಇದೇ. ಹೆಸರಿಲ್ಲದ ಡಬ್ಬಿಯ ವಾತದ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸ್ಟಿರಾಯ್ಡ್ ಪತ್ತೆಯಾದ ಉದಾಹರಣೆಗಳು ದೇಶದಲ್ಲಿ ಬೇಕಾದಷ್ಟಿವೆ. ತೊಂದರೆ ಇರುವುದು ಸ್ಟಿರಾಯ್ಡಿನಲ್ಲಿ ಅಲ್ಲ, ಎಷ್ಟು ಮತ್ತು ಎಷ್ಟು ದಿನ ಎಂಬ ಲೆಕ್ಕ ಇಲ್ಲದಿರುವುದರಲ್ಲಿ. ಊತ ಇಳಿದಂತೆ ಕಂಡರೂ ಮೂಳೆ ಸವೆಯುವುದನ್ನು ತಡೆಯಲು ಅದೊಂದೇ ಸಾಲದು. ತಿಂಗಳುಗಟ್ಟಲೆ ನುಂಗಿ ಥಟ್ಟನೆ ನಿಲ್ಲಿಸಿದರೆ, ಅಷ್ಟು ಕಾಲ ಕೆಲಸವಿಲ್ಲದೆ ನಿದ್ದೆಹೋಗಿದ್ದ, ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗಳು ಏಳುವುದಿಲ್ಲ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ತಜ್ಞರು ಕೊಡುವುದು ಸಣ್ಣ ಪ್ರಮಾಣದಲ್ಲಿ, ಬೆಳಿಗ್ಗೆ, ತಿಂಡಿಯ ಮೇಲೆ, ಕೆಲವು ವಾರ ಮಾತ್ರ. ಇಳಿಸುವುದೂ ಮೆಟ್ಟಿಲು ಮೆಟ್ಟಿಲಾಗಿ.

ಬೆಳಿಗ್ಗೆಯೇ ಏಕೆಂದರೆ ದೇಹದ ಸ್ವಂತ ಸ್ಟಿರಾಯ್ಡ್ ಕಾರ್ಟಿಸೋಲ್ ಏರುವುದೂ ಆಗಲೇ. ಆದರೆ ಸಂಧಿವಾತದ ಗಡಿಯಾರ ಇನ್ನೂ ಮುಂಚೆ ಓಡುತ್ತದೆ. ಇಂಟರ್‌ಲ್ಯೂಕಿನ್-6 ನಸುಕಿನ ಜಾವದಲ್ಲೇ ಶಿಖರ ಮುಟ್ಟಿರುತ್ತದೆ. ಆರು ಗಂಟೆಗೆ ಮುಷ್ಟಿ ಕೂಡದಿರುವುದು ಅದರ ಫಲ. ರಾತ್ರಿ ಹತ್ತಕ್ಕೆ ನುಂಗಿದರೆ ನಾಲ್ಕು ಗಂಟೆ ಸುಮ್ಮನಿದ್ದು ಎರಡರ ಸುಮಾರಿಗೆ ಬಿಚ್ಚಿಕೊಳ್ಳುವ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಯುರೋಪಿನಲ್ಲಿ ಇದಕ್ಕೆಂದೇ ಮಾಡಿದರು. ಬೆಳಗಿನ ಬಿಗಿತದ ಅವಧಿ ಅದರಿಂದ ಕುಗ್ಗಿದ್ದನ್ನು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಅದೇ ಔಷಧ, ಗಂಟೆ ಮಾತ್ರ ಬೇರೆ. ಒಂದೋ ಎರಡೋ ಕೀಲು ಮಾತ್ರ ಹಟ ಹಿಡಿದಾಗ ನೇರ ಅದರೊಳಕ್ಕೇ ಸ್ಟಿರಾಯ್ಡ್ ಚುಚ್ಚುವ ಕ್ರಮ 1951ರಿಂದ ಇದೆ.

ಉಳಿದ ಹಳೆಯ ಔಷಧಗಳಿಗೂ ಅವವುಗಳದೇ ಕಾಲಮಾನ. ಮಲೇರಿಯಾದಿಂದ ಎರವಲು ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ನಲವತ್ತು ದಿನ ತೆಗೆದುಕೊಳ್ಳುತ್ತದೆ. ಒಂದು ದಿನ ಮರೆತರೆ ಮುಳುಗುವುದೇನಿಲ್ಲ; ಆದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು, ವರ್ಷಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ಅಕ್ಷಿಪಟ ತೋರಿಸಿಕೊಳ್ಳುತ್ತಿರಬೇಕು. 2020ರಲ್ಲಿ ಕೊರೊನಾಕ್ಕೆ ಮದ್ದೆಂಬ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಅದು ಮಾಯವಾದಾಗ ಪರದಾಡಿದವರು ಸಂಧಿವಾತದ, ಅಂಥದ್ದೇ ಇನ್ನೊಂದು ರೋಗವಾದ ಲೂಪಸ್‌ನ ರೋಗಿಗಳು. ಲೆಫ್ಲುನೊಮೈಡ್ ಇನ್ನೂ ಅಂಟು. ನಿಲ್ಲಿಸಿದ ಮೇಲೂ ಕೆಲವರ ರಕ್ತದಲ್ಲಿ ಎರಡು ವರ್ಷದವರೆಗೆ ಉಳಿಯಬಹುದು. ಮಗು ಬೇಕೆನ್ನುವ ಹೆಣ್ಣುಮಗಳಿಗೆ ಅದನ್ನು ದೇಹದಿಂದ ತೊಳೆದು ಹಾಕಲು ಬೇರೆ ಔಷಧವನ್ನೇ ಕೊಡಬೇಕಾಗುತ್ತದೆ. ಮೆಥೊಟ್ರೆಕ್ಸೇಟನ್ನೂ ಗರ್ಭ ಧರಿಸುವ ಕೆಲವು ತಿಂಗಳು ಮೊದಲೇ ನಿಲ್ಲಿಸಬೇಕು. ಹೊಸದಾಗಿ ಮದುವೆಯಾದವರಿಗೆ ಈ ಮಾತನ್ನು ಅತ್ತೆಯ ಎದುರು ಹೇಳಲು ಸಂಕೋಚಪಟ್ಟು ಹೇಳದೇ ಬಿಡುವುದುಂಟು. ಹೇಳಲೇಬೇಕು.

1990ರ ದಶಕದಲ್ಲಿ ದಾರಿ ಪೂರ್ತಿ ಬದಲಾಯಿತು. ಲುಧಿಯಾನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್, ಟಿಎನ್‌ಎಫ್ ಒಂದನ್ನೇ ಕಟ್ಟಿಹಾಕಿದರೂ ಉಳಿದ ಉರಿಯೂತ ತಣ್ಣಗಾಗುತ್ತದೆಂದು ವಾದಿಸಿ 1992ರಲ್ಲಿ ರೋಗಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಅವರು ಬಳಸಿದ್ದು ಪ್ರತಿಕಾಯ, ಅಂದರೆ ಪ್ರೋಟೀನು. ಮೆಥೊಟ್ರೆಕ್ಸೇಟಿನ ಅಣುಭಾರ 454. ಈ ವರ್ಗದ ಅಡಲಿಮುಮ್ಯಾಬ್‌ನದು ಸುಮಾರು 1,48,000. ಮುನ್ನೂರು ಪಟ್ಟಿಗೂ ದೊಡ್ಡದಾದ ಈ ಅಣುವನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಜೀರ್ಣಿಸಿಬಿಡುತ್ತದೆ. ಹಾಗಾಗಿ ಇದೇ ವರ್ಗದ ಇನ್‌ಫ್ಲಿಕ್ಸಿಮ್ಯಾಬ್ ಆದರೆ ಆಸ್ಪತ್ರೆಯಲ್ಲಿ ಎರಡು ಗಂಟೆ ಡ್ರಿಪ್. ಮೊದಲ ದಿನ, ಎರಡನೇ ವಾರ, ಆರನೇ ವಾರ, ನಂತರ ಎಂಟು ವಾರಕ್ಕೊಮ್ಮೆ. ಅಡಲಿಮುಮ್ಯಾಬ್ ಎರಡು ವಾರಕ್ಕೊಂದು ಚುಚ್ಚುಮದ್ದು, ಮನೆಯಲ್ಲೇ. ಅದರ ಜಗತ್ತಿನ ಮೊದಲ ಪ್ರತಿರೂಪ ಔಷಧ ಮಾರುಕಟ್ಟೆಗೆ ಬಂದದ್ದು ಭಾರತದಲ್ಲೇ, 2014ರ ಡಿಸೆಂಬರಿನಲ್ಲಿ, ಅಹಮದಾಬಾದಿನ ಜೈಡಸ್ ಕಂಪನಿಯಿಂದ. ಬೆಲೆ ಇಳಿಯಿತು, ಗುಬ್ಬಿಯ ಸಣ್ಣ ಹಿಡುವಳಿದಾರನ ಕೈಗೆಟುಕುವಷ್ಟು ಇನ್ನೂ ಇಳಿದಿಲ್ಲ.

ಬೆಲೆ ಒಂದೇ ಅಲ್ಲ. ಈ ಔಷಧ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಬೆಂಗಳೂರಿನಿಂದ ಏಪ್ರಿಲ್ ಬಿಸಿಲಿನಲ್ಲಿ ರೈಲು ಹತ್ತಿ ಬರುವವರು ಐಸ್ ಪ್ಯಾಕಿನ ಡಬ್ಬಿಯಲ್ಲಿಟ್ಟು ತರಬೇಕು, ತಂದಮೇಲೆ ಕರೆಂಟು ಹೋಗದಿರಲೆಂದು ಹಾರೈಸಬೇಕು. ಅದಕ್ಕೂ ಮುಂಚೆ ಕ್ಷಯದ ತಪಾಸಣೆ ಆಗಲೇಬೇಕು. ಶ್ವಾಸಕೋಶದ ಮೂಲೆಯಲ್ಲಿ ಹಳೆಯ ಕ್ಷಯದ ಕ್ರಿಮಿಗಳು ಗಂಟಿನೊಳಗೆ ಬಂದಿಯಾಗಿರುವ ಜನ ನಮ್ಮಲ್ಲಿ ಅಪಾರ. ಆ ಗಂಟು ಬಿಗಿಯಾಗಿರುವುದು ಟಿಎನ್‌ಎಫ್‌ನಿಂದಲೇ. ಅದನ್ನು ಕಟ್ಟಿಹಾಕಿದರೆ ಗಂಟು ಬಿಚ್ಚಿಕೊಳ್ಳುತ್ತದೆ.

ಈಚೆಗೆ ಚಕ್ರ ಮತ್ತೆ ಮಾತ್ರೆಗೇ ತಿರುಗಿದೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೊಫಾಸಿಟಿನಿಬ್ ಜೀವಕೋಶದೊಳಗಿನ ಜಾಕ್ ಎಂಬ ಕಿಣ್ವಗಳನ್ನು ತಡೆಯುತ್ತದೆ. ಅಣುಭಾರ 312, ಸಲೀಸಾಗಿ ನುಂಗಬಹುದು, ಫ್ರಿಜ್ ಬೇಡ. ಭಾರತೀಯ ಕಂಪನಿಗಳ ಜೆನೆರಿಕ್ ರೂಪಗಳು ಬಂದಮೇಲೆ ಬೆಲೆಯೂ ಇಳಿದಿದೆ. ಸರ್ಪಸುತ್ತು ಏಳುವ ಸಂಭವ ಹೆಚ್ಚು. ಐವತ್ತು ದಾಟಿದ, ಹೃದ್ರೋಗದ ಅಪಾಯವಿರುವ, ಬೀಡಿ ಸಿಗರೇಟು ಸೇದುವವರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕೆಂದು 2021ರಿಂದ ಅಮೆರಿಕದ ಔಷಧ ನಿಯಂತ್ರಕರ ಎಚ್ಚರಿಕೆಯಿದೆ. ಇದನ್ನು ನುಂಗುವುದು ದಿನಕ್ಕೆ ಎರಡು ಸಲ, ಎಷ್ಟೋ ಸಲ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟಿನ ಜೊತೆಗೇ. ಒಂದೇ ಚೀಟಿಯಲ್ಲಿ ಎರಡು ಲೆಕ್ಕ.

ಯಾವ ದಾರಿ ಹಿಡಿದರೂ ಒಂದರಿಂದ ಮೂರು ತಿಂಗಳಿಗೊಮ್ಮೆ ರಕ್ತಕಣ, ಯಕೃತ್ತು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ತಪ್ಪುವುದಿಲ್ಲ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಗುಬ್ಬಿಯಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದು. ಮೂತ್ರದ ಸೋಂಕಿಗೆಂದು ಬೇರೆ ವೈದ್ಯರಲ್ಲಿ ಹೋದರೆ ಮೆಥೊಟ್ರೆಕ್ಸೇಟ್ ನುಂಗುತ್ತಿರುವುದನ್ನು ಮೊದಲೇ ಹೇಳಬೇಕು. ಕೊ-ಟ್ರೈಮಾಕ್ಸಜೋಲ್ ಎಂಬ ಮಾಮೂಲಿ ಆ್ಯಂಟಿಬಯೋಟಿಕ್ ಇದರ ಜೊತೆ ಸೇರಿದರೆ ಮಜ್ಜೆಗೆ ವಿಷವಾಗುತ್ತದೆ. ಬೇಸಿಗೆಯಲ್ಲಿ ವಾಂತಿಭೇದಿಯಾಗಿ ದೇಹ ಬತ್ತಿದಾಗ ಮೂತ್ರಪಿಂಡಗಳು ಔಷಧವನ್ನು ಹೊರಹಾಕಲಾರವು. ಜ್ವರವೋ ಭೇದಿಯೋ ಇದ್ದರೆ ಆ ವಾರದ ಮೆಥೊಟ್ರೆಕ್ಸೇಟ್ ನುಂಗದೆ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ತಪ್ಪಿದ ವಾರದ್ದನ್ನು ಸೇರಿಸಿ ಮುಂದಿನ ವಾರ ಎರಡು ಪಾಲು ನುಂಗುವಂತಿಲ್ಲ.